ಎರಡು ಬೆರಳಿನ ಸಂದು

ರೀಫ್ ಗಂಟು ಹಾಕುವುದು ನನಗೆ ಈಗಲೂ ಕಣ್ಣು ಮುಚ್ಚಿಕೊಂಡು ಬರುತ್ತದೆ. ಎಡದ ತುದಿಯನ್ನು ಬಲದ ಮೇಲೆ ಹಾಕಿ ಒಂದು ಸುತ್ತು. ಆಮೇಲೆ ಬಲದ ತುದಿಯನ್ನು ಎಡದ ಮೇಲೆ ಹಾಕಿ ಇನ್ನೊಂದು ಸುತ್ತು. ಎಳೆದರೆ ಚಪ್ಪಟೆಯಾಗಿ ಕೂರುತ್ತದೆ, ಮೈಗೆ ಒತ್ತುವುದಿಲ್ಲ. ಬ್ಯಾಂಡೇಜಿಗೆ ಇದೇ ಗಂಟು ಅಂತ ನಮ್ಮ ಸ್ಕೌಟ್ ಮೇಷ್ಟ್ರು ಹೇಳಿಕೊಟ್ಟಿದ್ದರು. ತಪ್ಪಾಗಿ ಹಾಕಿದರೆ ಅದಕ್ಕೆ ಗ್ರ್ಯಾನಿ ನಾಟ್ ಅಂತ ಹೆಸರು. ನಮ್ಮಜ್ಜಿ ಹಾಕಿದ ಗಂಟು ತಾನಾಗಿ ಬಿಚ್ಚಿಕೊಂಡಿದ್ದನ್ನು ನಾನಂತೂ ನೋಡಿಲ್ಲ. ಆ ಹೆಸರು ಯಾರಿಟ್ಟರೋ.

ಸಾಗರದ ಕಡೆಯ ಹಳ್ಳಿ ನಮ್ಮದು. ಎಂಟನೇ ಕ್ಲಾಸಿಗೆ ಸ್ಕೌಟ್ ಸೇರಿದ್ದೆ. ಸೇರಲು ದೊಡ್ಡ ಕಾರಣವೇನೂ ಇರಲಿಲ್ಲ. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಮೈದಾನದಲ್ಲಿ ಉಳಿಯಬಹುದಿತ್ತು, ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಳ್ಳಬಹುದಿತ್ತು. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಒಂದಷ್ಟು ಹುಡುಗರನ್ನು ಕರೆದುಕೊಂಡು ಹೋಗಿ ಮೊದಲ ಶಿಬಿರ ಮಾಡಿದ ಕತೆಯನ್ನು ಮೇಷ್ಟ್ರು ಪ್ರತಿ ವರ್ಷ ಹೇಳುತ್ತಿದ್ದರು. ಅದಾದ ಎರಡೇ ವರ್ಷಕ್ಕೆ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಎನ್ನುವವರು ಭಾರತದ ಮೊದಲ ಸ್ಕೌಟ್ ದಳ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ ಅನ್ನುವಾಗ ಅವರ ಎದೆ ಉಬ್ಬುತ್ತಿತ್ತು. ಮೊದಮೊದಲು ಆ ದಳಗಳಿಗೆ ನಮ್ಮ ಹುಡುಗರನ್ನು ಸೇರಿಸಿಕೊಳ್ಳುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಅವರು ಬಿಟ್ಟು ಹೇಳುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ.

1993ರ ನವೆಂಬರ್. ಭತ್ತದ ಕೊಯ್ಲು ಶುರುವಾಗಿತ್ತು, ಅಡಿಕೆ ಕೊಯ್ಲೂ ಜೊತೆಗೇ ಬಂದಿತ್ತು. ನಮ್ಮ ಸುತ್ತಮುತ್ತಲಿನ ನಾಲ್ಕೈದು ತೋಟಗಳಿಗೆಲ್ಲ ಒಬ್ಬರೇ ಕೊನೆಗಾರರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ನಾವು ಹುಡುಗರು ಅವರನ್ನು ಬರೀ 'ಅಣ್ಣ' ಅಂತಿದ್ದೆವು. ಒಂದು ಮರದಿಂದ ಇಳಿಯದೇ ಪಕ್ಕದ ಮರಕ್ಕೆ ಜೋತು ಹಾರುತ್ತಿದ್ದರು. ಕೆಳಗೆ ನಿಂತು ನೋಡುವ ನಮಗೆ ಉಸಿರು ನಿಂತುಹೋಗುತ್ತಿತ್ತು. ಅಷ್ಟು ಎತ್ತರದಲ್ಲಿ ಏನೂ ಆಗದ ಮನುಷ್ಯನಿಗೆ ಗದ್ದೆಯ ಬದುವಿನ ಮೇಲೆ ನಡೆಯುವಾಗ ಹಾವು ಕಚ್ಚಿತು. ಕೊಳಕುಮಂಡಲ. ಕೊಯ್ಲಿನ ಹೊತ್ತಿಗೆ ಗದ್ದೆಗೆ ಇಲಿ ಬರುತ್ತವೆ, ಇಲಿಯ ಹಿಂದೆ ಅದು ಬರುತ್ತದೆ. ಒಣಹುಲ್ಲಿನ ಬಣ್ಣಕ್ಕೂ ಅದರ ಬಣ್ಣಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ.

ಸಂಜೆ ಐದೂವರೆ ಇರಬೇಕು. ಅವರನ್ನು ನಮ್ಮ ಅಂಗಳಕ್ಕೆ ಎತ್ತಿಕೊಂಡು ಬಂದರು. ಒಬ್ಬರು ಬ್ಲೇಡು ತನ್ನಿ ಅಂದರು. ಇನ್ನೊಬ್ಬರು ಸುಣ್ಣ ಅಂದರು. ಮತ್ತೊಬ್ಬರು ನಾಟಿ ಔಷಧಿ ಕೊಡುವವರ ಮನೆಗೆ ಸೈಕಲ್ ಹತ್ತಿ ಹೋಗಿಯೇ ಬಿಟ್ಟರು. ಆ ಗದ್ದಲದಲ್ಲಿ ನಾನು ಮುಂದೆ ಬಂದೆ. ಶನಿವಾರವಾದ್ದರಿಂದ ಸ್ಕಾರ್ಫ್ ಇನ್ನೂ ಕುತ್ತಿಗೆಯಲ್ಲೇ ಇತ್ತು. ಬಿಚ್ಚಿ, ಮಡಚಿ, ಪಟ್ಟಿ ಮಾಡಿ, ಮೊಣಕಾಲಿನ ಕೆಳಗೆ ಸುತ್ತಿ ರೀಫ್ ಗಂಟು ಹಾಕಿದೆ. ಅದರೊಳಗೆ ಒಂದು ಕಡ್ಡಿ ತೂರಿಸಿ ತಿರುಗಿಸಿ ತಿರುಗಿಸಿ ಬಿಗಿ ಮಾಡಿದೆ. ಪುಸ್ತಕದಲ್ಲಿ ಚಿತ್ರ ಹೇಗಿತ್ತೋ ಹಾಗೇ. ಹದಿಮೂರು ವರ್ಷದ ಹುಡುಗನ ಕೈ ನಡುಗಲಿಲ್ಲ. ದೊಡ್ಡವರೆಲ್ಲ ಸುಮ್ಮನಾಗಿ ನನ್ನ ಕೈಯನ್ನೇ ನೋಡುತ್ತಿದ್ದರು.

ಜೀಪು ಸಿಕ್ಕುವ ಹೊತ್ತಿಗೆ ಮುಕ್ಕಾಲು ಗಂಟೆ. ಮೊದಲು ಹೋದ ಆಸ್ಪತ್ರೆಯಲ್ಲಿ ಔಷಧಿ ಇಲ್ಲ ಅಂದರು. ಅಲ್ಲಿಂದ ಇನ್ನೊಂದು ಕಡೆಗೆ. ಎರಡನೇ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ ಕಿಟಕಿ ಕಟ್ಟೆಯ ಮೇಲೆ ಇಟ್ಟರು. ಗೋಡೆ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕಾದರು. ಆಮೇಲೆ ಟ್ಯೂಬು ವಾಲಿಸಿದರು. ಹೆಪ್ಪುಗಟ್ಟಿರಬೇಕಾದ ರಕ್ತ ನೀರಿನ ಹಾಗೆ ಹರಿಯಿತು. ಅವರು ಏನೂ ಹೇಳಲಿಲ್ಲ, ಡಾಕ್ಟರ ಕಡೆ ಬೇಗ ಬೇಗ ನಡೆದರು. ಹೋಗುವ ಮೊದಲು ನನ್ನ ಸ್ಕಾರ್ಫನ್ನು ಕತ್ತರಿಯಲ್ಲಿ ಕತ್ತರಿಸಿದರು. ಕಾಲು ಅಷ್ಟು ಊದಿತ್ತು, ಗಂಟು ಮಾಂಸದೊಳಗೆ ಹೂತುಹೋಗಿತ್ತು.

ಅಣ್ಣ ಬದುಕಿದರು. ಕಾಲಿನ ಮೂರು ಬೆರಳು ಹೋದವು, ಪಾದದ ಕೀಲು ಬಗ್ಗದಂತಾಯಿತು. ಮತ್ತೆ ಮರ ಹತ್ತಲಿಲ್ಲ. ಕೊನೆ ಕೊಯ್ಯುವವರ ಕೂಲಿ ಎಷ್ಟು, ಕೂತು ಅಡಿಕೆ ಸುಲಿಯುವವರ ಕೂಲಿ ಎಷ್ಟು ಅಂತ ಮಲೆನಾಡಿನವರಿಗೆ ಗೊತ್ತು. ಅವರು ಸುಲಿಯಲು ಕೂತರು.

ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಮೇಷ್ಟ್ರು ನನ್ನನ್ನು ಮುಂದೆ ಕರೆದರು. ಹೊಸ ಸ್ಕಾರ್ಫ್ ಕೊಟ್ಟರು. ಶಾಲೆಯೇ ಚಪ್ಪಾಳೆ ಹೊಡೆಯಿತು.

ಹದಿನೆಂಟು ವರ್ಷ ನಾನು ಆ ಚಪ್ಪಾಳೆಯನ್ನು ಒಳಗೆ ಇಟ್ಟುಕೊಂಡಿದ್ದೆ. 2011ರಲ್ಲಿ ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಎರಡು ದಿನದ ಪ್ರಥಮ ಚಿಕಿತ್ಸೆ ತರಬೇತಿ ಇಟ್ಟಿದ್ದರು. ನಾನು ಜಂಬದಿಂದಲೇ ಹೋಗಿದ್ದೆ. ಎರಡನೇ ದಿನ ಊಟವಾದ ಮೇಲೆ ಹಾವಿನ ಪಾಠ. ಹೇಳಿಕೊಡುತ್ತಿದ್ದ ಡಾಕ್ಟರಮ್ಮ ಬೋರ್ಡಿನ ಮೇಲೆ ಮೊದಲು ಬರೆದಿದ್ದೇ "ಕಟ್ಟಬೇಡಿ". ಬಿಗಿಯಾಗಿ ಕಟ್ಟಿದರೆ ವಿಷ ನಿಲ್ಲುತ್ತದೆ ಅನ್ನುವುದು ನಂಬಿಕೆ ಅಷ್ಟೇ. ರಕ್ತ ಓಡುವುದು ನಿಂತು, ಇದ್ದ ಜಾಗದಲ್ಲೇ ಮಾಂಸ ಸಾಯುತ್ತದೆ. ಕೊಳಕುಮಂಡಲದ ವಿಷ ಮೊದಲೇ ಮಾಂಸ ಕೊಳೆಸುವಂಥದ್ದು, ಅದನ್ನು ಅಲ್ಲೇ ಹಿಡಿದಿಟ್ಟರೆ ಇನ್ನೂ ಕಷ್ಟ. ಬಿಚ್ಚಿದಾಗ ಒಮ್ಮೆಲೇ ಮೈಗೆ ಏರುವ ಭಯ ಬೇರೆ. ಆದ್ದರಿಂದ ಯಾರಾದರೂ ಕಟ್ಟಿಯೇ ಬಿಟ್ಟಿದ್ದರೆ ದಾರಿಯಲ್ಲಿ ಕಿತ್ತೆಸೆಯಬೇಡಿ, ಆಸ್ಪತ್ರೆಯಲ್ಲಿ ಔಷಧಿ ತಯಾರಿಟ್ಟುಕೊಂಡು ಬಿಚ್ಚುತ್ತಾರೆ ಅಂದರು.

ನಾನು ನೀರು ಕುಡಿಯಲು ಎದ್ದು ಹೊರಗೆ ಹೋದೆ. ಒಳಗೆ ಬರಲು ತುಂಬಾ ಹೊತ್ತು ಹಿಡಿಯಿತು.

ಮೂರು ಬೆರಳು ಹೋಗಿದ್ದು ವಿಷದಿಂದಲೋ ನನ್ನ ಗಂಟಿನಿಂದಲೋ? ಕಾರ್ಯಕ್ರಮ ಮುಗಿದ ಮೇಲೆ ಡಾಕ್ಟರಮ್ಮನನ್ನು ಕೇಳಿದೆ. ಎರಡರಿಂದಲೂ ಇರಬಹುದು, ಈಗ ಯಾರೂ ಹೇಳಲಾಗುವುದಿಲ್ಲ ಅಂದರು. ಆಗಿನ ಪುಸ್ತಕದಲ್ಲಿ ಇದ್ದಿದ್ದೇ ಹಾಗೆ, ನಿಮ್ಮ ತಪ್ಪಲ್ಲ ಅಂತಲೂ ಅಂದರು. ಎರಡನೇ ಮಾತು ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಆ ಸಲ ಊರಿಗೆ ಹೋದಾಗ ಅಣ್ಣನ ಮನೆಗೆ ಹೋಗಿ ವಿಷಯ ಹೇಳಿದೆ. ಅವರು ಎಲೆ ಅಡಿಕೆಯ ಕವಳ ಹಾಕುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು: "ನೀವು ಕಟ್ಟಿದ್ದಕ್ಕೇ ನಾ ಬದುಕಿದ್ದು ಅಂತ ಊರಿಗೆಲ್ಲ ಹೇಳ್ಕಂಡ್ ಬಂದಿದೀನಿ ಮಾರಾಯ್ರೆ. ಈಗ ಬಂದು ಹಿಂಗೆ ಹೇಳ್ತೀರಲ್ಲ."

ಅದನ್ನು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಹದಿನೆಂಟು ವರ್ಷದಲ್ಲಿ ಅವರು ಎಷ್ಟು ಜನರಿಗೆ "ಕಟ್ರೋ, ಗಟ್ಟಿ ಕಟ್ರೋ" ಅಂತ ಹೇಳಿದ್ದಾರೋ.

ಪ್ರತಿ ಬೇಸಿಗೆ ರಜೆಯಲ್ಲಿ ಊರಲ್ಲಿ ಮಕ್ಕಳನ್ನು ಸೇರಿಸಿಕೊಂಡು ಕೂರುವ ಅಭ್ಯಾಸ ಶುರುವಾಗಿದ್ದು ಅಲ್ಲಿಂದ. ನನ್ನ ಅಣ್ಣನ ಮಕ್ಕಳು, ಅಕ್ಕಪಕ್ಕದ ಮನೆಯವರು, ರಜೆಗೆ ಅಜ್ಜನ ಮನೆಗೆ ಬಂದವರು. ಒಂಬತ್ತು ವರ್ಷದಿಂದ ಹದಿನಾರರವರೆಗೆ, ಏಳೆಂಟು ಮಂದಿ. ಶಿಬಿರ ಅಂತ ಬೋರ್ಡು ಹಾಕಿಲ್ಲ. ಅಂಗಳದಲ್ಲಿ ಕೂತು ಮಾಡುವ ಆಟ, ಅಷ್ಟೇ. ಸಾಹಸ ಕಲಿಸುತ್ತೇನೆ ಅಂದುಕೊಂಡು ಬಂದ ಮಕ್ಕಳಿಗೆ ಮೊದಲ ದಿನ ನಿರಾಸೆಯಾಗುತ್ತದೆ. ನಾನು ಕಲಿಸುವುದರಲ್ಲಿ ಅರ್ಧ, ಕೈ ಕಟ್ಟಿ ಕೂರುವುದು.

ಯಾಕೆಂದರೆ ಅಪಘಾತದ ಹೊತ್ತಿಗೆ ನಮ್ಮ ಕೈಗೆ ಒಂದು ತುರಿಕೆ ಹತ್ತುತ್ತದೆ. ಏನಾದರೂ ಮಾಡಬೇಕು. ಕಟ್ಟಬೇಕು, ಕೊಯ್ಯಬೇಕು, ಹಚ್ಚಬೇಕು, ಹಾರಬೇಕು. ಸುಮ್ನೆ ನಿಂತರೆ ನಾಲ್ಕು ಜನ ಏನಂತಾರೆ? ಆ ದಿನ ನಾನು ಮುಂದೆ ಬಂದಿದ್ದರಲ್ಲಿ ಅಣ್ಣನ ಮೇಲಿನ ಪ್ರೀತಿ ಎಷ್ಟಿತ್ತು, ನೋಡುವವರ ಕಣ್ಣು ಎಷ್ಟಿತ್ತು ಅಂತ ಈಗಲೂ ಲೆಕ್ಕ ಹಾಕುತ್ತೇನೆ.

ಹಾವು ಕಚ್ಚಿದರೆ ಮಾಡಬೇಕಾದ್ದು ಎಷ್ಟು ಕಡಿಮೆ ನೋಡಿ. ಹಾವಿನಿಂದ ದೂರ ಬರುವುದು. ಕೂರಿಸಿ ಅಥವಾ ಮಲಗಿಸಿ ಧೈರ್ಯ ಹೇಳುವುದು. ಕಾಲುಂಗುರ, ಗೆಜ್ಜೆ, ಉಡಿದಾರದಂಥ ಬಿಗಿ ಕಟ್ಟು, ಬಳೆ, ವಾಚು ಮೊದಲೇ ತೆಗೆಯುವುದು, ಊದಿದ ಮೇಲೆ ಬರುವುದಿಲ್ಲ. ಮೂಳೆ ಮುರಿದವರ ಕಾಲನ್ನು ಹೇಗೆ ಅಲುಗದಂತೆ ಇಡುತ್ತೇವೋ ಹಾಗೆ ಆ ಕಾಲನ್ನು ಇಡುವುದು. ನಡೆಸದೇ ಎತ್ತಿಕೊಂಡು ಆಸ್ಪತ್ರೆಗೆ. ಕಚ್ಚಿದ ಗಂಟೆ ಬರೆದುಕೊಳ್ಳುವುದು, ಊತ ಎಲ್ಲಿಯವರೆಗೆ ಬಂತು ಅಂತ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆಯುವುದು. ಹಾವನ್ನು ಹೊಡೆದು ಚೀಲದಲ್ಲಿ ತರುವ ಅಗತ್ಯವಿಲ್ಲ. ನಮ್ಮಲ್ಲಿ ಕೊಡುವ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹೊಡೆಯಲು ಹೋಗಿ ಇನ್ನೊಬ್ಬರಿಗೆ ಕಚ್ಚಿಸಿಕೊಂಡು ಬಂದ ಕತೆ ನಮ್ಮೂರಲ್ಲೇ ಇದೆ.

ಕಟ್ಟುಹಾವಿನ ಬಗ್ಗೆ ಮಾತ್ರ ಮಕ್ಕಳಿಗೆ ಎರಡೆರಡು ಸಲ ಹೇಳುತ್ತೇನೆ. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ. ಅಜೀರ್ಣ ಅಂತ ಓಮದ ನೀರು ಕುಡಿಸುತ್ತಾ ಕೂರುವ ಹೊತ್ತು ಅದಲ್ಲ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ ಅಂದರೆ ಮಕ್ಕಳು ನಗುತ್ತಾರೆ. ಹಾವಿಗೆ ಸೊಳ್ಳೆಪರದೆಯಾ ಚಿಕ್ಕಪ್ಪ ಅಂತ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಹೆಚ್ಚಿನವರು ಹಳ್ಳಿಯವರು. ಬಹಳಷ್ಟು ಜನ ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಹೋದವರು, ಯಾವ ಲೆಕ್ಕಕ್ಕೂ ಸಿಗದವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಲೆಕ್ಕ ಇಟ್ಟರೆ ತಾನೇ ಯಾವ ತಾಲೂಕಿಗೆ ಎಷ್ಟು ಔಷಧಿ ಬೇಕು ಅಂತ ಗೊತ್ತಾಗುವುದು. 1993ರ ಆ ಮೊದಲ ಆಸ್ಪತ್ರೆ ನೆನಪಾಯಿತು.

ಇನ್ನು ಮನೆಯೊಳಗಿನ ತುರಿಕೆಗಳು. ಸುಟ್ಟರೆ ಟೂತ್‌ಪೇಸ್ಟ್. ನಮ್ಮ ಕಾಲಕ್ಕೆ ಇಂಕು. ಕೊಯ್ದುಕೊಂಡರೆ ಕಾಫಿಪುಡಿ, ಅರಿಶಿನ. ಫಿಟ್ಸ್ ಬಂದವರ ಕೈಗೆ ಬೀಗದ ಕೈ. ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ. ಇವೆಲ್ಲ ಮಕ್ಕಳಿಗೆ ಬಾಯಿಪಾಠ, ಯಾರೂ ಕಲಿಸಬೇಕಿಲ್ಲ. ಸುಟ್ಟ ಗಾಯಕ್ಕೆ ಬೇಕಾದ್ದು ಹರಿಯುವ ನೀರು, ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಅಂದರೆ ಎಷ್ಟು ಅಂತ ತೋರಿಸಲು ಒಂದು ಸಲ ಒಬ್ಬ ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿ ಗಡಿಯಾರ ಇಟ್ಟೆ. ನಾಲ್ಕನೇ ನಿಮಿಷಕ್ಕೆ ಅವನಿಗೆ ಬೇಜಾರು. ಎಂಟನೇ ನಿಮಿಷಕ್ಕೆ ಉಳಿದವರು ಎದ್ದು ಹೋದರು. ಹನ್ನೆರಡನೇ ನಿಮಿಷಕ್ಕೆ ಅತ್ತಿಗೆ ಒಳಗಿನಿಂದ, "ಟ್ಯಾಂಕ್ ಖಾಲಿ ಮಾಡ್ತೀರಾ ಎಂತ?" ಅಂದರು. ಹುಡುಗ ಕೊನೆಯವರೆಗೂ ಹಿಡಿದು ನಿಂತ. ಮರುವರ್ಷ ಅವನ ತಂಗಿಯ ಕೈ ಮೇಲೆ ಬಿಸಿ ಸಾರು ಚೆಲ್ಲಿದಾಗ, ಪೇಸ್ಟ್ ಹಿಡಿದು ಬಂದ ಅಮ್ಮನನ್ನು ತಡೆದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದವನು ಅವನೇ.

ಫಿಟ್ಸ್ ಬಂದಾಗ ಏನೂ ಮಾಡದಿರುವುದು ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ. ಸುತ್ತಲಿನ ಕುರ್ಚಿ ಸರಿಸು, ತಲೆಯ ಕೆಳಗೆ ಟವೆಲ್ ಇಡು, ಗಡಿಯಾರ ನೋಡು. ಅಲುಗಾಟ ನಿಂತ ಮೇಲೆ ಮಗ್ಗುಲಾಗಿ ಮಲಗಿಸು. ಬಾಯಿಗೆ ಚಮಚ ಬೇಡ, ನೀರು ಬೇಡ, ಕೈಕಾಲು ಒತ್ತಿ ಹಿಡಿಯುವುದು ಬೇಡ. ಐದು ನಿಮಿಷ ದಾಟಿದರೆ ಆಂಬುಲೆನ್ಸ್.

ಆಂಬುಲೆನ್ಸ್ ಅಂದಾಗ ನೆನಪಾಯಿತು. 108ಕ್ಕೋ 112ಕ್ಕೋ ಫೋನ್ ಮಾಡು ಅಂತ ಎಲ್ಲರೂ ಹೇಳುತ್ತೇವೆ. ಫೋನಿನಲ್ಲಿ ಏನು ಹೇಳಬೇಕು ಅಂತ ಯಾರೂ ಅಭ್ಯಾಸ ಮಾಡಿಸುವುದಿಲ್ಲ. ನಾನೇ ಆಪರೇಟರ್ ಆಗಿ ಕೂತು ಮಕ್ಕಳಿಂದ ಫೋನ್ ಮಾಡಿಸುತ್ತೇನೆ. "ಎಲ್ಲಿದೀರಿ?" ಅಂದರೆ "ನಮ್ಮನೇಲಿ" ಅನ್ನುತ್ತಾರೆ. "ನಿಮ್ಮನೆ ಎಲ್ಲಿ?" ಅಂದರೆ "ಅಜ್ಜನ ಮನೆ ಮೇಲಿನ ಮನೆ". ನಗಬೇಡಿ, ದೊಡ್ಡವರೂ ಹೀಗೇ ಹೇಳುವುದು. ಮಲೆನಾಡಿನಲ್ಲಿ ಮನೆಗೆ ನಂಬರಿಲ್ಲ, ಬೀದಿಯಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಫೋನ್ ಇಡುವ ಜಾಗದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ. ತಾಲೂಕು, ಪಂಚಾಯಿತಿ, ಊರು, ಮುಖ್ಯ ರಸ್ತೆಯಿಂದ ಒಳಗೆ ತಿರುಗುವ ಕ್ರಾಸಿನಲ್ಲಿ ಕಾಣುವ ಬಸ್ ಸ್ಟ್ಯಾಂಡ್, ಅಲ್ಲಿಂದ ಎಷ್ಟು ಕಿಲೋಮೀಟರ್. ಒಬ್ಬರು ಸೈಕಲ್ ಹತ್ತಿ ಆ ಕ್ರಾಸಿಗೆ ಹೋಗಿ ನಿಲ್ಲಬೇಕು, ಕತ್ತಲಾಗಿದ್ದರೆ ಟಾರ್ಚ್ ಹಿಡಿದು. ಆಕಡೆಯವರು ಇಡುವವರೆಗೂ ನೀನು ಫೋನ್ ಇಡಬಾರದು. ಇಷ್ಟೇ. ಇದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಅಂತ ಮನೆಯಲ್ಲಿ ಹೇಳಿರುತ್ತಾರೆ. ಅದು ಹಳೆಯ ಮಾತು. 2016ರಲ್ಲಿ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ಅದು ಸೇರಿದೆ. ಹೆಸರು ಹೇಳುವಂತೆ ಒತ್ತಾಯಿಸುವ ಹಾಗಿಲ್ಲ. ಮಕ್ಕಳಿಗಿಂತ ಅವರ ಅಪ್ಪಂದಿರಿಗೆ ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಉಸಿರು ನಿಂತವರ ಎದೆ ಒತ್ತುವುದನ್ನು ತೌಡಿನ ಚೀಲದ ಮೇಲೆ ಕಲಿಸುತ್ತೇನೆ. ದಿಂಬು ತೀರಾ ಮೆತ್ತಗೆ. ಎದೆಯ ನಡುವೆ, ಮೊಣಕೈ ಬಗ್ಗಿಸದೆ, ಎರಡು ಇಂಚು ಒಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120. ಮೂವತ್ತು ಸಲ ಒತ್ತಿ ಎರಡು ಸಲ ಉಸಿರು. ಇಲ್ಲೊಂದು ತಮಾಷೆ ಕಂಡೆ. ಮಕ್ಕಳು ಒಂದು, ಎರಡು, ಮೂರು ಅಂತ ಎಣಿಸುತ್ತಾ ಸರಿಯಾಗೇ ಶುರು ಮಾಡುತ್ತಾರೆ. ಹದಿನೈದು ದಾಟಿದ ಮೇಲೆ ನಿಧಾನವಾಗುತ್ತಾರೆ. ಸುಸ್ತು ಅಂದುಕೊಂಡಿದ್ದೆ. ಕಿವಿಗೊಟ್ಟು ಕೇಳಿದರೆ ಕಾರಣ ನಮ್ಮ ಕನ್ನಡದ ಅಂಕಿ. 'ಆರು' ಅನ್ನುವಷ್ಟರಲ್ಲಿ ಒಂದು ಒತ್ತು ಮುಗಿಯುತ್ತದೆ. 'ಇಪ್ಪತ್ತಾರು', 'ಇಪ್ಪತ್ತೊಂಬತ್ತು' ಅನ್ನುವ ಹೊತ್ತಿಗೆ ಕೈ ಬಾಯಿಗಾಗಿ ಕಾಯುತ್ತದೆ! ಅಂದಿನಿಂದ ಹತ್ತರವರೆಗೆ ಮೂರು ಸಲ ಎಣಿಸುವುದು. ಭಜನೆಗೆ ತಾಳ ಹಾಕುವ ಅಜ್ಜಿ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದರೆ ಇನ್ನೂ ಚೆನ್ನ. ಎರಡು ನಿಮಿಷಕ್ಕೆ ದೊಡ್ಡವರೇ ಬೆವರುತ್ತಾರೆ. ಹತ್ತು ವರ್ಷದವರ ತೂಕ ಸಾಲುವುದಿಲ್ಲ, ಆದರೂ ಅವರಿಗೂ ಕಲಿಸುತ್ತೇನೆ. ಪಕ್ಕದಲ್ಲಿ ನಿಂತ ದೊಡ್ಡವರಿಗೆ "ಹೀಗೆ ಮಾಡಿ" ಅಂತ ಹೇಳಲು ತೂಕ ಬೇಡವಲ್ಲ.

ನೀರಿನ ವಿಷಯಕ್ಕೆ ಬಂದರೆ ನನ್ನ ದನಿ ತಾನಾಗಿ ಗಡಸಾಗುತ್ತದೆ. ನಾವು ಈಜು ಕಲಿತಿದ್ದು ಬೆನ್ನಿಗೆ ಬೆಂಡು ಕಟ್ಟಿಕೊಂಡು, ಕೆರೆಯಲ್ಲಿ. ಕೆಲವರು ಒಣಗಿದ ಸೋರೆಬುರುಡೆ ಕಟ್ಟಿಕೊಳ್ಳುತ್ತಿದ್ದರು. ಈಗಿನ ಮಕ್ಕಳಿಗೆ ಕೆರೆ ಬೇಡ ಅಂತ ಹೆದರಿಸಿ ಇಟ್ಟಿದ್ದೇವೆ. ಈಜು ಬರುವುದಿಲ್ಲ, ನೀರಿನ ಆಸೆ ಮಾತ್ರ ಹಾಗೇ ಇದೆ. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಹುಡುಗಿಯರು ಮುರುಡೇಶ್ವರದ ಸಮುದ್ರದಲ್ಲಿ ಹೋದರು. ಬಯಲುಸೀಮೆಯ ಮಕ್ಕಳು. ಅಲೆ ಹೊರಗೆ ತಳ್ಳುವುದು ಕಾಣುತ್ತದೆ, ಕಾಲ ಕೆಳಗಿನಿಂದ ಒಳಗೆ ಎಳೆಯುವುದು ಕಾಣುವುದಿಲ್ಲ. ಆ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರವಾಗಿ ಈಜಿ ಗೆಲ್ಲಲಾಗುವುದಿಲ್ಲ. ಅಂಗಾತ ತೇಲಬೇಕು, ದಡಕ್ಕೆ ಸಮವಾಗಿ ಪಕ್ಕಕ್ಕೆ ಸರಿಯಬೇಕು, ಕೈ ಎತ್ತಿ ಕೂಗಬೇಕು. ಇದನ್ನು ಅಂಗಳದಲ್ಲಿ ಹೇಳುವುದು ಸುಲಭ ಅಂತ ನನಗೂ ಗೊತ್ತು.

ಒಬ್ಬರು ಮುಳುಗುವಾಗ ಇನ್ನೊಬ್ಬರು ಹಾರುತ್ತಾರೆ. ಪೇಪರಿನಲ್ಲಿ ಓದಿ ನೋಡಿ, ಅಣ್ಣನನ್ನು ಉಳಿಸಲು ಹೋದ ತಮ್ಮ, ಮಗನನ್ನು ಹಿಡಿಯಲು ಹೋದ ಅಪ್ಪ. ಮುಳುಗುವವರು ಕೈಗೆ ಸಿಕ್ಕಿದ್ದನ್ನು ಏಣಿ ಮಾಡಿಕೊಳ್ಳುತ್ತಾರೆ. ನಮ್ಮ ಕೆರೆ ದಂಡೆಯಲ್ಲಿ ನಿಂತು ಮಕ್ಕಳಿಂದ ಮಾಡಿಸುವುದು ಬೇರೆ. ಮಲಗಿಕೊಂಡು ಉದ್ದದ ಗಳ ಚಾಚುವುದು. ಎರಡು ಪಂಚೆ ಸೇರಿಸಿ ಗಂಟು ಹಾಕಿ ಎಸೆಯುವುದು. ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯುವುದು. ಕ್ಯಾನಿನಲ್ಲಿ ಒಂದು ಲೋಟ ನೀರು ಉಳಿಸಿದರೆ ದೂರ ಹೋಗುತ್ತದೆ, ಪೂರ್ತಿ ಖಾಲಿಯಿದ್ದರೆ ಗಾಳಿಗೆ ವಾಪಸ್ ಬರುತ್ತದೆ. ಇದನ್ನು ಕಂಡುಹಿಡಿದದ್ದು ನಾನಲ್ಲ, ಹತ್ತು ವರ್ಷದ ಒಬ್ಬಳು ಹುಡುಗಿ.

ಹೊರಗೆ ತೆಗೆದ ಮೇಲಿನ ತಪ್ಪುಗಳು ಇನ್ನೂ ಜಾಸ್ತಿ. ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀರಿಗೆ ಬಿದ್ದು ತೀರಿಕೊಂಡ ಮಗನನ್ನು ಅಪ್ಪ ಅಮ್ಮ ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಮುಚ್ಚಿಟ್ಟಿದ್ದರು. ಉಪ್ಪು ನೀರು ಹೀರುತ್ತದೆ, ಜೀವ ಬರುತ್ತದೆ ಅಂತ ಮೊಬೈಲಿನಲ್ಲಿ ಬಂದಿತ್ತು. ಸುದ್ದಿ ಓದಿದ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಮೊಬೈಲು ಆ ಸ್ಕೌಟ್ ಪುಸ್ತಕ.

ನನ್ನ ಸ್ವಂತ ಅಣ್ಣನ ದೊಡ್ಡ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಹೋದ ವರ್ಷ ಗೆಳತಿಯರ ಜೊತೆ ಕುಮಾರ ಪರ್ವತಕ್ಕೆ ಹೊರಟಳು. ಬ್ಯಾಗು ನೋಡಿದೆ. ಪವರ್ ಬ್ಯಾಂಕ್ ಎರಡು, ಸನ್‌ಸ್ಕ್ರೀನ್, ಚಿಪ್ಸ್. ಟಾರ್ಚ್ ಇಲ್ಲ. "ಮೊಬೈಲ್‌ನಲ್ಲಿ ಇದೆಯಲ್ಲಾ ಚಿಕ್ಕಪ್ಪ." ಸೀಟಿ ಇಲ್ಲ. ನೀರು ಒಂದು ಲೀಟರ್. 1,712 ಮೀಟರ್ ಎತ್ತರದ ಬೆಟ್ಟ, ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಒಂದೇ ದಿನಕ್ಕೆ ಮಂಡಿ ಕಳಚಿಹೋಗುತ್ತದೆ. ಟಾರ್ಚ್, ಸೀಟಿ, ಮಳೆ ಕೋಟು, ಉಪ್ಪು ಸಕ್ಕರೆ ಪೊಟ್ಟಣ, ಒಂದು ಹಳೆಯ ಪಂಚೆ ಹಾಕಿಸಿದೆ. ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಅಂತ ಪೊಟ್ಟಣದ ಮೇಲೆ ಬರೆದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ ಅಂದೆ. ಮಧ್ಯಾಹ್ನ ಇಷ್ಟು ಗಂಟೆಗೆ ಎಲ್ಲಿದ್ದರೂ ಸರಿ, ತುದಿ ಕಣ್ಣಿಗೆ ಕಾಣುತ್ತಿದ್ದರೂ ಸರಿ, ತಿರುಗಿ ಇಳಿಯುವುದು.

"ಅಷ್ಟು ದೂರ ಹೋಗಿ ವಾಪಸ್ ಬರೋದಾ?" ಅಂದಳು.

2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ಗೆ ಹೋಗಿದ್ದ 22 ಜನರ ತಂಡದಲ್ಲಿ ಬಹುಪಾಲು ಕರ್ನಾಟಕದವರೇ ಇದ್ದರು. ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅವರಲ್ಲಿ ಬೆಟ್ಟ ಹತ್ತಿ ಪಳಗಿದವರಿದ್ದರು, ಎಳೆಯ ಹುಮ್ಮಸ್ಸಿನವರಲ್ಲ. ಆ ಸುದ್ದಿ ಅವಳಿಗೂ ನೆನಪಿತ್ತು. ಮುಂದೆ ವಾದ ಮಾಡಲಿಲ್ಲ. ಅವಳ ತಂಡ ತುದಿಗೆ ಇನ್ನೇನು ಮುಕ್ಕಾಲು ಗಂಟೆ ಇರುವಾಗ ತಿರುಗಿ ಬಂತು. ಇನ್‌ಸ್ಟಾಗ್ರಾಮಿಗೆ ಫೋಟೋ ಇಲ್ಲ ಅಂತ ಎರಡು ದಿನ ನನ್ನ ಮೇಲೆ ಸಿಟ್ಟಿತ್ತು.

ದಾರಿ ತಪ್ಪಿದರೆ ಏನು ಮಾಡಬೇಕು ಅಂತ ಚಿಕ್ಕ ಮಕ್ಕಳಿಗೆ ಒಂದೇ ಮಾತು ಹೇಳುತ್ತೇನೆ. ಕೂತ್ಕೋ. ಗೊತ್ತಾದ ಕೂಡಲೇ, ಅಲ್ಲೇ, ಒಂದು ಮರ ಹಿಡಿದು. ಮೂರು ಸಲ ಸೀಟಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಅನ್ನುವವರ ಮಾತು ನಮ್ಮ ಘಟ್ಟದಲ್ಲಿ ನಡೆಯುವುದಿಲ್ಲ. ಇಲ್ಲಿ ಹಳ್ಳ ಇದ್ದಕ್ಕಿದ್ದ ಹಾಗೆ ಜಲಪಾತವಾಗುತ್ತದೆ. ಗುಡುಗಿದರೆ ಮಾವಿನ ಮರ ಬಿಟ್ಟು ಮನೆಯೊಳಗೆ. ಸಿಡಿಲಿನ ಮುನ್ಸೂಚನೆಗೆ ನಮ್ಮ ರಾಜ್ಯದ್ದೇ 'ಸಿಡಿಲು' ಅಂತ ಒಂದು ಆ್ಯಪ್ ಇದೆ. ಇಂಬಳ, ಅಂದರೆ ಜಿಗಣೆ, ಹತ್ತಿದರೆ ಉಗುರಿನಲ್ಲಿ ಸರಿಸಿ ಸಾಕು, ಅದಕ್ಕೆ ಕೂಗಾಡಬೇಕಿಲ್ಲ. ಉಣುಗು ಹತ್ತಿದರೆ ಮಾತ್ರ ಹಗುರಾಗಿ ನೋಡಬೇಡಿ. ಅದರಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದರೆ ಸ್ನಾನ, ಬಟ್ಟೆ ಬಿಸಿನೀರಿಗೆ.

ಈ ಬೇಸಿಗೆಯಲ್ಲಿ ಕೊನೆಗಾರ ಅಣ್ಣನ ಮೊಮ್ಮಗನೂ ಬಂದಿದ್ದ. ಹನ್ನೊಂದು ವರ್ಷ. ಆ ದಿನ ಮುರಿದ ಕಾಲು ಕಟ್ಟುವ ಪಾಠ. ಪೇಟೆಯಿಂದ ಮರದ ಪಟ್ಟಿ ತರಬೇಕಿಲ್ಲ, ತೋಟದ ತುಂಬಾ ಅಡಿಕೆ ಹಾಳೆ ಬಿದ್ದಿರುತ್ತದೆ. ಸ್ವಲ್ಪ ನೆನೆಸಿದರೆ ಕಾಲಿನ ಆಕಾರಕ್ಕೇ ಬಗ್ಗುತ್ತದೆ, ಎರಡು ಕಡೆ ಎರಡು ಹಾಳೆ ಇಟ್ಟರೆ ಅಲುಗುವುದಿಲ್ಲ. ಹುಡುಗನನ್ನು ಜಗುಲಿಯ ಮೇಲೆ ಮಲಗಿಸಿ, ಹಾಳೆಯೊಳಗೆ ಹಳೆಯ ಸೀರೆಯ ಮೆತ್ತೆ ಇಟ್ಟು, ಟವೆಲ್ ಹರಿದ ಪಟ್ಟಿಯಿಂದ ಮೂರು ಕಡೆ ಕಟ್ಟಿಸಿದೆ. ಕಟ್ಟಿದವಳು ನನ್ನ ಸ್ವಂತ ಅಣ್ಣನ ಚಿಕ್ಕ ಮಗಳು. ಎಡ ಬಲದ ಮೇಲೆ, ಬಲ ಎಡದ ಮೇಲೆ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ರೀಫ್ ಗಂಟು ಹಾಕಿದಳು.

"ಎರಡು ಬೆರಳು ಹೋಗುತ್ತಾ ನೋಡು" ಅಂದೆ. "ಉಗುರು ಒತ್ತಿ ಬಿಡು, ಮತ್ತೆ ಕೆಂಪಾಗುತ್ತಾ ನೋಡು."

ಅಜ್ಜ ಮೊಮ್ಮಗನನ್ನು ಕರೆದುಕೊಂಡು ಹೋಗಲು ಬಂದು ಆಗಲೇ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಕಾಲು ನೀಡಿಕೊಂಡು, ಚಪ್ಪಲಿ ಬಿಟ್ಟು. ಕವಳ ಉಗಿದು ಬಂದು ಮೊಮ್ಮಗನ ಪಕ್ಕ ಬಗ್ಗಿದರು. ಸುಲಿದು ಸುಲಿದು ಕಪ್ಪಾದ ಎರಡು ಬೆರಳನ್ನು ಪಟ್ಟಿಯ ಕೆಳಗೆ ತೂರಿಸಿದರು. ಮೇಲಿನ ಗಂಟು ನೋಡಿದರು, ನಡುವಿನದು ನೋಡಿದರು. ಕೆಳಗಿನದರ ಹತ್ತಿರ ನಿಂತರು.

"ಇದೊಂಚೂರು ಬಿಗಿಯಾತು ತಂಗಿ" ಅಂದರು. "ಸಡ್ಲ ಮಾಡು."